ಸಂಸಾರ ಎರಡಾಯಿತು, ಸಾಲ ಒಂದೇ ಉಳಿಯಿತು

ತಿಂಗಳ ಐದನೇ ತಾರೀಖು ಬೆಳಗಾಗುವಷ್ಟರಲ್ಲಿ ಬ್ಯಾಂಕು ತನ್ನ ಕಂತನ್ನು ಎಳೆದುಕೊಂಡಿರುತ್ತದೆ. ಸಾಲ ಪಡೆದ ಇಬ್ಬರು ಒಂದೇ ಸೂರಿನಡಿ ಇದ್ದಾರೋ, ಒಬ್ಬರು ಮಲ್ಲತ್ತಹಳ್ಳಿಯ ಫ್ಲ್ಯಾಟಿನಲ್ಲಿ ಇನ್ನೊಬ್ಬರು ತುಮಕೂರಿನ ತವರಿನಲ್ಲಿ ಇದ್ದಾರೋ, ಅದಕ್ಕೆ ಬೇಕಿಲ್ಲ. ಮಾತು ನಿಂತು ವರ್ಷವಾಗಿರಬಹುದು. ಏನಿದ್ದರೂ ವಕೀಲರ ಮೂಲಕ ಎನ್ನುವ ಹಂತ ಬಂದಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡವರೂ ಸಾಲದ ಖಾತೆಯಲ್ಲಿ ಮಾತ್ರ ಇನ್ನೂ ಹದಿನೈದು ವರ್ಷ ಜೋಡಿ.

ಜ್ಞಾನಭಾರತಿಯ ಸುತ್ತಮುತ್ತ ಇಂಥ ಜೋಡಿ ಸಾಲಗಳಿಗೆ ಬರವಿಲ್ಲ. ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಇಲ್ಲಿನ ಸಾವಿರ ಎಕರೆಗೂ ಮಿಕ್ಕಿದ ಜಾಗಕ್ಕೆ ಬಂದಾಗ ಮಲ್ಲತ್ತಹಳ್ಳಿ, ಉಲ್ಲಾಳ, ನಾಗದೇವನಹಳ್ಳಿ, ವಲಗೇರಹಳ್ಳಿ ಎಲ್ಲವೂ ಹಳ್ಳಿಗಳೇ. ಆಮೇಲೆ ಗೃಹ ನಿರ್ಮಾಣ ಸಹಕಾರ ಸಂಘಗಳ ಸೈಟುಗಳು ಬಂದವು, ಬಿಡಿಎಯ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಬಂತು, ವಲಗೇರಹಳ್ಳಿಯಲ್ಲಿ ಬಿಡಿಎ ಫ್ಲ್ಯಾಟುಗಳೆದ್ದವು. 2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿವರೆಗೆ ಓಡಿತು, ಜ್ಞಾನಭಾರತಿಗೂ ಒಂದು ನಿಲ್ದಾಣ ಸಿಕ್ಕಿತು. 2023ರ ಅಕ್ಟೋಬರ್‌ನಲ್ಲಿ ಅದೇ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಕೂಡಿಕೊಂಡಿತು. ಗಂಡನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ, ಹೆಂಡತಿಗೆ ವಿಧಾನಸೌಧದ ಬಳಿ ಕಚೇರಿ. ಇಬ್ಬರೂ ಒಂದೇ ರೈಲು ಹತ್ತಬಹುದು. ಮನೆ ಮಾತ್ರ ಒಂದು ಸಂಬಳಕ್ಕೆ ಎಟುಕುವುದಿಲ್ಲ, ಎರಡು ಸೇರಿದರೆ ಎಟುಕುತ್ತದೆ. ಹಾಗಾಗಿ ಅರ್ಜಿಯಲ್ಲಿ ಇಬ್ಬರ ಸಹಿ.

ಜಂಟಿ ಹೆಸರಿಗೆ ಬೇರೆ ಆಕರ್ಷಣೆಗಳೂ ಇದ್ದವು. ಹೆಣ್ಣುಮಗಳ ಹೆಸರಿದ್ದರೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 0.05ರಷ್ಟು ಬಿಡುತ್ತವೆ. ಹಳೆಯ ತೆರಿಗೆ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಯ ಬಡ್ಡಿಗೆ ಗಂಡ ₹2 ಲಕ್ಷ, ಹೆಂಡತಿ ₹2 ಲಕ್ಷ ವಿನಾಯಿತಿ ಕೇಳಬಹುದು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನ ಬೇಕಿದ್ದ ಕಡಿಮೆ ಆದಾಯದವರಿಗೆ ಮನೆಯಲ್ಲಿ ಹೆಣ್ಣಿನ ಒಡೆತನ ಇರಲೇಬೇಕಿತ್ತು. ಬ್ಯಾಂಕಿನ ಸಾಲದ ಏಜೆಂಟ್ (ಡಿಎಸ್‌ಎ) ಹುಡುಗ ಮನೆಗೇ ಬಂದು, ಪೆನ್ಸಿಲ್‌ನಲ್ಲಿ ಗುರುತು ಹಾಕಿದ ನಲವತ್ತು ಕಡೆ ಇಬ್ಬರಿಂದಲೂ ಸಹಿ ಹಾಕಿಸಿಕೊಂಡು ಹೋದ. ಆ ಕಾಗದದಲ್ಲಿ ಏನಿತ್ತು ಎಂದು ಓದಿದವರು ಕಡಿಮೆ. ಓದಬೇಕಾಗಿ ಬರುವುದು ಸಂಬಂಧ ಹಳಸಿದ ಮೇಲೆ.

ಎರಡು ಕಾಗದ, ಎರಡು ದಾರಿ

ಒಂದು ಮನೆಗೆ ಎರಡು ಕಾಗದ. ಕ್ರಯಪತ್ರ ಮನೆ ಯಾರದೆಂದು ಹೇಳುತ್ತದೆ. ಸಾಲದ ಕರಾರು ದುಡ್ಡು ಯಾರು ಕೊಡಬೇಕೆಂದು ಹೇಳುತ್ತದೆ. ಸಂಸಾರ ಚೆನ್ನಾಗಿರುವಾಗ ಎರಡೂ ಒಂದೇ ಎಂಬಂತೆ ಕಾಣುತ್ತವೆ, ಮುರಿದಾಗ ಬೇರೆ ಬೇರೆ ದಾರಿ ಹಿಡಿಯುತ್ತವೆ. ಕ್ರಯಪತ್ರದ ಹಕ್ಕನ್ನು ಗಂಡ ಹೆಂಡತಿ ತಮ್ಮೊಳಗೇ ಮಾತಾಡಿಕೊಂಡು ಬಿಡಬಹುದು, ಪಡೆಯಬಹುದು. ಸಾಲದ ಕರಾರಿನಲ್ಲಿ ಮೂರನೆಯವರಿದ್ದಾರೆ. ಬ್ಯಾಂಕಿನ ಕೌಂಟರಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಮೇಡಂ, ನಮ್ದು ಡಿವೋರ್ಸ್ ಆಗೋಯ್ತು. ಕೋರ್ಟ್ ಆರ್ಡರ್ ಇದೆ. ಮನೆ ಅವರಿಗೆ, ಲೋನ್ ಅವರೇ ಕಟ್ಕೋತಾರೆ ಅಂತ ಬರ್ದಿದೆ. ನನ್ನ ಹೆಸ್ರು ತೆಗ್ದ್ಬಿಡಿ.’

‘ಸಾರ್, ಆರ್ಡರ್ ನಿಮ್ಮಿಬ್ಬರ ಮಧ್ಯೆ. ಅದರಲ್ಲಿ ನಾವಿಲ್ಲ. ಲೋನ್ ಅಗ್ರಿಮೆಂಟ್‌ನಲ್ಲಿ ನಾವಿದ್ದೀವಿ.’

ಮೇಡಂ ಹೇಳಿದ್ದು ಒರಟಾಗಿ ಕೇಳಿಸಿದರೂ ಕಾನೂನು ಅವರ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಬಾಕಿ ವಸೂಲು ಮಾಡಬಹುದು. ‘ನನ್ನ ಪಾಲಿನ ಅರ್ಧ ನಾನು ಕಟ್ಟಿದ್ದೇನೆ’ ಎಂಬ ಮಾತು ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಪೂರ್ತಿ ಕಟ್ಟಿದವರು ಆಮೇಲೆ ಇನ್ನೊಬ್ಬರ ಮೇಲೆ ಅವರ ಪಾಲಿಗಾಗಿ ದಾವೆ ಹೂಡಬಹುದು, ಅದು ಅದೇ ಕಲಮಿನಲ್ಲಿದೆ. ಆದರೆ ಅದು ಇನ್ನೊಂದು ಕೇಸು, ಇನ್ನೊಬ್ಬ ವಕೀಲ, ಇನ್ನಷ್ಟು ವರ್ಷ. ಹಿಂದೂ ವಿವಾಹ ಕಾಯ್ದೆಯಡಿ ಬೇರಾದರೂ, ವಿಶೇಷ ವಿವಾಹ ಕಾಯ್ದೆಯಡಿ ಬೇರಾದರೂ, ತಲಾಕ್ ಆದರೂ ಸಾಲದ ಮಟ್ಟಿಗೆ ಎಲ್ಲರಿಗೂ 1872ರ ಕಾಯ್ದೆಯೇ.

ಈ ವಿಷಯದಲ್ಲಿ ಅಮೆರಿಕದವರು ಒಂದು ಕಿಟಕಿ ತೆರೆದಿಟ್ಟಿದ್ದಾರೆ. ಅಲ್ಲಿನ 1982ರ ಗಾರ್ನ್–ಸೇಂಟ್ ಜರ್ಮೇನ್ ಕಾಯ್ದೆಯಂತೆ, ವಿಚ್ಛೇದನದಲ್ಲಿ ಮನೆ ಒಬ್ಬರ ಹೆಸರಿಗೆ ಹೋಯಿತೆಂದು ಸಾಲ ಕೊಟ್ಟವರು ‘ಪೂರ್ತಿ ಬಾಕಿ ಈಗಲೇ ಕಟ್ಟಿ’ ಎನ್ನುವಂತಿಲ್ಲ. ನಮ್ಮಲ್ಲಿ ಅಂಥ ರಕ್ಷಣೆಯಿಲ್ಲ. ಅಡಮಾನದಲ್ಲಿರುವ ಮನೆಯ ಹಕ್ಕನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬದಲಿಸಿದರೆ ಸಾಲದ ಕರಾರನ್ನೇ ಮುರಿದಂತಾಗುತ್ತದೆ.

ನಾನು ಕಂಡಂತೆ ಅತಿ ಅಪಾಯದ ಸ್ಥಿತಿ ಇದು: ಕ್ರಯಪತ್ರದಿಂದ ಹೆಸರು ಹೋಗಿದೆ, ಸಾಲದಲ್ಲಿ ಉಳಿದಿದೆ. ಮನೆ ಇಲ್ಲ, ಹೊಣೆ ಇದೆ. ‘ಮುಗಿದರೆ ಸಾಕು’ ಎಂಬ ಆತುರದಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಕೊಟ್ಟವರು ಇಲ್ಲಿಗೆ ಬಂದು ನಿಲ್ಲುತ್ತಾರೆ. ಮುಂದೆ ಅವರು ತಮಗೊಂದು ಪುಟ್ಟ ಮನೆ ಕೊಳ್ಳಲು ಸಾಲ ಕೇಳಿದರೆ, ಹಳೆಯ ಕಂತು ಪೂರ್ತಿಯಾಗಿ ಅವರ ತಲೆಗೇ ಲೆಕ್ಕವಾಗುತ್ತದೆ, ಅದನ್ನು ಯಾರೇ ಕಟ್ಟುತ್ತಿರಲಿ. ಆ ಕಂತು ತಪ್ಪಿದರೆ ಸಿಬಿಲ್ ವರದಿಯಲ್ಲಿ ಕಲೆ ಇಬ್ಬರಿಗೂ. ಹಕ್ಕು ಬಿಡುವುದೂ ಸಾಲದಿಂದ ಹೊರಬರುವುದೂ ಒಂದೇ ದಿನ, ಒಂದೇ ಕೈಯಲ್ಲಿ ಆಗಬೇಕು. ಆಗದಿದ್ದರೆ ಸಾಲದ್ದು ಮೊದಲು, ಹಕ್ಕಿನದು ಆಮೇಲೆ.

ಇದರ ತಿರುಗುಮುರುಗು ಇನ್ನೊಂದಿದೆ, ಅದು ನಮ್ಮ ಈ ಭಾಗದಲ್ಲಿ ಹೆಚ್ಚು. ಬಿಡಿಎ ಸೈಟು ಹಂಚಿಕೆಯಾಗಿರುವುದು ಒಬ್ಬರ ಹೆಸರಿಗೆ. ಮೇಲೆ ಮನೆ ಕಟ್ಟಲು ತೆಗೆದ ಸಾಲಕ್ಕೆ ಹೆಂಡತಿಯ ಸಂಬಳವನ್ನೂ ಸೇರಿಸಿ ಆಕೆಯನ್ನು ಸಹ ಸಾಲಗಾರಳನ್ನಾಗಿ ಮಾಡಿದ್ದಾರೆ. ಆಕೆ ಹತ್ತು ವರ್ಷ ಕಂತು ಕಟ್ಟಿದ್ದಾಳೆ, ಕ್ರಯಪತ್ರದಲ್ಲಿ ಆಕೆಯ ಹೆಸರೇ ಇಲ್ಲ. ಬಿಡಿಎಯ ಲೀಸ್ ಕಂ ಸೇಲ್ ಕರಾರಿನ ಹತ್ತು ವರ್ಷ ಮುಗಿದು ಶುದ್ಧ ಕ್ರಯಪತ್ರ ಆಗುವವರೆಗೆ ಸೈಟನ್ನು ಪರಭಾರೆ ಮಾಡುವಂತೆಯೂ ಇಲ್ಲ. ಕಂತು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟುಗಳೇ ಆಕೆಯ ಬಳಿ ಇರುವ ಏಕೈಕ ಸಾಕ್ಷಿ. ತೆರಿಗೆಯಲ್ಲೂ ಆಕೆಗೆ ಏನೂ ದಕ್ಕಿಲ್ಲ. ಒಡೆತನವಿಲ್ಲದ ಮನೆಯ ಸಾಲಕ್ಕೆ ವಿನಾಯಿತಿ ಕೇಳುವಂತಿಲ್ಲ.

ಯಾರ ಮನೆ, ಯಾರ ದುಡ್ಡು

‘ಕಂತೆಲ್ಲ ನಾನೇ ಕಟ್ಟಿದ್ದು, ಮನೆ ನಂದೇ’ ಎಂಬ ವಾದ ಪ್ರತಿ ಮಧ್ಯಸ್ಥಿಕೆಯಲ್ಲೂ ಏಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಇದನ್ನು ನೇರವಾಗಿ ತಳ್ಳಿಹಾಕಿತು. ಆ ದಂಪತಿ 2005ರಲ್ಲಿ ಮುಂಬೈನಲ್ಲಿ ಜಂಟಿ ಹೆಸರಿನಲ್ಲಿ ಮನೆ ಕೊಂಡಿದ್ದರು, ಮರುವರ್ಷವೇ ಬೇರೆಯಾದರು. ಆಸ್ತಿ ಇಬ್ಬರ ಹೆಸರಿನಲ್ಲಿ ಇರುವಾಗ, ಕಂತು ತಾನೊಬ್ಬನೇ ಕಟ್ಟಿದೆ ಎಂಬ ಕಾರಣಕ್ಕೆ ಗಂಡ ಪೂರ್ತಿ ಒಡೆತನ ಕೇಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನಲ್ಲೂ ಒಂದು ಸೂತ್ರವಿದೆ: ಬೇರೆ ಕರಾರಿಲ್ಲದಿದ್ದರೆ ಯಾರು ಎಷ್ಟು ಹಾಕಿದರೋ ಅಷ್ಟು ಪಾಲು, ಎಷ್ಟು ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದೇ ಭಾವನೆ.

ಪುರಾವೆ ಎಂಬಲ್ಲಿಯೇ ನಮ್ಮ ಕುಟುಂಬಗಳ ಲೆಕ್ಕ ಕಗ್ಗಂಟಾಗುವುದು. ಬ್ಯಾಂಕು ಕೊಡದ ಮಾರ್ಜಿನ್ ಹಣ ಎಲ್ಲಿಂದ ಬಂತು? ಹುಡುಗಿಯ ಅಪ್ಪನ ನಿವೃತ್ತಿ ಹಣದಿಂದ. ಹುಡುಗನ ಊರಿನ ತೆಂಗಿನ ತೋಟದ ಅರ್ಧ ಎಕರೆಯಿಂದ. ಅಡವಿಟ್ಟು ಬಿಡಿಸದೇ ಹೋದ ಒಡವೆಯಿಂದ. ಮಾಡ್ಯುಲರ್ ಕಿಚನ್ನು, ಗ್ರಿಲ್ಲು, ಬೋರ್‌ವೆಲ್‌ಗೆ ನಗದಾಗಿ ಕೊಟ್ಟದ್ದಕ್ಕೆ ರಸೀದಿಯೇ ಇಲ್ಲ. ಮದುವೆಯ ಒಳಗೆ ಗಳಿಸಿದ ಆಸ್ತಿ ಇಬ್ಬರದೂ ಎಂಬ ಕಾನೂನು ಗೋವಾದಲ್ಲಿ ಪೋರ್ಚುಗೀಸರ 1867ರ ಸಂಹಿತೆಯ ಕಾಲದಿಂದ ಇದೆ, ಕರ್ನಾಟಕದಲ್ಲಿ ಇಲ್ಲ. ಇಲ್ಲಿ ಕ್ರಯಪತ್ರ ಹೇಳಿದ್ದು, ಬ್ಯಾಂಕ್ ಪಾಸ್‌ಬುಕ್ ತೋರಿಸಿದ್ದು, ಉಳಿದದ್ದು ಚೌಕಾಸಿ.

ಚೌಕಾಸಿಗೆ ಕೂರುವ ಮುನ್ನ ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ₹60 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು ₹52,070. ಐದು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದರೆ ಒಟ್ಟು ₹31 ಲಕ್ಷ ದಾಟುತ್ತದೆ. ಅಸಲು ಇಳಿದಿರುವುದು ಮಾತ್ರ ₹7 ಲಕ್ಷ ಚಿಲ್ಲರೆ. ಮಿಕ್ಕ ₹24 ಲಕ್ಷ ಬಡ್ಡಿಗೆ ಹೋಗಿದೆ. ಬಾಕಿ ಇನ್ನೂ ₹52.9 ಲಕ್ಷ. ‘ಮೂವತ್ತು ಲಕ್ಷ ಸುರಿದಿದ್ದೇನೆ, ಅದನ್ನು ಮೊದಲು ವಾಪಸ್ ಕೊಡಲಿ’ ಎನ್ನುವವರಿಗೆ ಈ ಸಂಖ್ಯೆ ಮೊದಲ ಸಲ ಎದುರಾಗುವುದು ಬ್ಯಾಂಕಿನಿಂದ ತಂದ ಸಾಲದ ಸ್ಟೇಟ್‌ಮೆಂಟಿನಲ್ಲಿ, ಎದುರಾದಾಗ ಮುಖ ಸಪ್ಪಗಾಗುತ್ತದೆ.

ಮುಂದಕ್ಕೆ ಹೋಗೋಣ. ಆ ಫ್ಲ್ಯಾಟಿಗೆ ಈಗ ₹90 ಲಕ್ಷ ಬೆಲೆ ಎನ್ನಿ. ಬಾಕಿ ಕಳೆದರೆ ಇಬ್ಬರ ಪಾಲಿಗೆ ಉಳಿಯುವುದು ₹37.1 ಲಕ್ಷ, ತಲಾ ₹18.55 ಲಕ್ಷ. ಹೊರಗೆ ಹೋಗುವವರಿಗೆ ಸಲ್ಲಬೇಕಾದ್ದು ಇಷ್ಟು, ತೊಂಬತ್ತರ ಅರ್ಧ ನಲವತ್ತೈದಲ್ಲ. ಉಳಿಯುವವರು ಸಾಲದ ಬಾಕಿಯನ್ನೂ ಈ ಹದಿನೆಂಟೂವರೆ ಲಕ್ಷವನ್ನೂ ಸೇರಿಸಿ ₹71.4 ಲಕ್ಷದ ಹೊಸ ಸಾಲವನ್ನು ಒಬ್ಬರೇ ಹೊರಬೇಕು. ಮತ್ತೆ 20 ವರ್ಷಕ್ಕೆ ಹೊರಟರೆ ಕಂತು ₹62,000. ಉಳಿದ 15 ವರ್ಷದಲ್ಲೇ ತೀರಿಸುತ್ತೇನೆ ಎಂದರೆ ₹70,000 ದಾಟುತ್ತದೆ. ಕೈಗೆ ಬರುವ ಸಂಬಳದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗುತ್ತದೆಂದರೆ ಬ್ಯಾಂಕುಗಳು ಹಿಂಜರಿಯುತ್ತವೆ. ಅಂದರೆ ₹1.25 ಲಕ್ಷದ ಆಸುಪಾಸು ಕೈಗೆ ಸಿಗುವವರಿಗೆ ಮಾತ್ರ ಈ ಮನೆ ಉಳಿಸಿಕೊಳ್ಳುವ ಮಾತು. ₹30 ಲಕ್ಷದಿಂದ ₹75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80ನ್ನು ಮೀರಬಾರದೆಂಬ ರಿಸರ್ವ್ ಬ್ಯಾಂಕ್ ಮಿತಿಯೂ ಇದೆ; ನಮ್ಮ ಲೆಕ್ಕ ಶೇ 79ರಲ್ಲಿ ಕೂದಲೆಳೆಯಲ್ಲಿ ಪಾರಾಗಿದೆ.

ಭಾವನೆಯಿಂದ ಮನೆ ಉಳಿಸಿಕೊಳ್ಳಲು ಹೊರಡುವವರನ್ನು ಈ ಲೆಕ್ಕದ ಮುಂದೆ ಕೂರಿಸಬೇಕು. ಮಗುವಿನ ಶಾಲೆ ಹತ್ತಿರ, ಅಕ್ಕಪಕ್ಕದವರು ಗೊತ್ತು, ತುಳಸಿಕಟ್ಟೆಗೆ ದಿನವೂ ನೀರೆರೆದ ಅಭ್ಯಾಸ, ಎಲ್ಲ ನಿಜ. ಎರಡು ಸಂಬಳಕ್ಕೆ ಕೊಂಡದ್ದನ್ನು ಒಂದು ಸಂಬಳದಲ್ಲಿ ಸಾಕಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಆರು ತಿಂಗಳನ್ನು ಸುಮ್ಮನೆ ಕಳೆಯಬೇಡಿ

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಎರಡು ಮೆಟ್ಟಿಲು ಇಟ್ಟಿದೆ. ಒಂದು ವರ್ಷ ಬೇರೆ ಇದ್ದು ಮೊದಲ ಅರ್ಜಿ, ಅದಾದ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ ಎರಡನೆಯ ಮೋಷನ್. ಈ ಆರು ತಿಂಗಳು ಕಡ್ಡಾಯವಲ್ಲ, ರಾಜಿಯಾಗುವ ಸಾಧ್ಯತೆಯೇ ಇಲ್ಲದಿದ್ದರೆ ನ್ಯಾಯಾಲಯ ಅದನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅಂದಿನಿಂದ ಕೌಟುಂಬಿಕ ನ್ಯಾಯಾಲಯವಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲು ಹತ್ತುವವರೆಲ್ಲ ‘ಆರು ತಿಂಗಳು ವೇವ್ ಮಾಡಿಸಿ ಸಾರ್’ ಎಂದೇ ವಕೀಲರಿಗೆ ದುಂಬಾಲು ಬೀಳುತ್ತಾರೆ.

ಜಂಟಿ ಗೃಹಸಾಲ ಇದ್ದವರು ಈ ಆತುರ ಮಾಡಬಾರದೆಂಬುದು ನನ್ನ ಅಭಿಪ್ರಾಯ. ಆ ಆರು ತಿಂಗಳು ಬ್ಯಾಂಕಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮನೆ ಉಳಿಸಿಕೊಳ್ಳುವವರು ತಮ್ಮೊಬ್ಬರ ಆದಾಯದ ಮೇಲೆ ಹೊಸ ಸಾಲ ಮಂಜೂರು ಮಾಡಿಸಿಕೊಳ್ಳಬೇಕು. ಒಬ್ಬರ ಸಂಬಳ ಸಾಲದಿದ್ದರೆ ಅಪ್ಪನನ್ನೋ ಅಣ್ಣನನ್ನೋ ಸಹ ಅರ್ಜಿದಾರರಾಗಿ ಸೇರಿಸಿ ನೋಡಬೇಕು. ಹಳೆಯ ಬ್ಯಾಂಕು ಒಪ್ಪದಿದ್ದರೆ ಇನ್ನೊಂದು ಬ್ಯಾಂಕಿಗೆ ಸಾಲ ವರ್ಗಾಯಿಸಬೇಕು. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಲೀಗಲ್ ಒಪಿನಿಯನ್, ಮೌಲ್ಯಮಾಪನ, ಋಣಭಾರ ಪತ್ರ (ಇಸಿ), ನಿರಾಕ್ಷೇಪಣಾ ಪತ್ರ, ಒಂದೊಂದಕ್ಕೂ ವಾರಗಳು ಬೇಕು. ಡಿಕ್ರಿ ಕೈಗೆ ಬಂದ ಮೇಲೆ ಇದನ್ನೆಲ್ಲ ಶುರು ಮಾಡಿದರೆ, ಹೊರಗೆ ಹೋದವರಿಗೆ ಬಂದು ಸಹಿ ಹಾಕುವ ಉತ್ಸಾಹವೂ ಇರುವುದಿಲ್ಲ, ಒತ್ತಾಯವೂ ಇರುವುದಿಲ್ಲ.

ಬಿ ಖಾತಾ ಮನೆಗಳಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿದೆ. ರೆವೆನ್ಯೂ ಸೈಟಿನ ಮೇಲೆ ಕಟ್ಟಿದ ಮನೆಗೆ ಸಹಕಾರ ಸಂಘವೋ ಖಾಸಗಿ ಹಣಕಾಸು ಸಂಸ್ಥೆಯೋ ಹೆಚ್ಚು ಬಡ್ಡಿಗೆ ಸಾಲ ಕೊಟ್ಟಿರುತ್ತದೆ, ದೊಡ್ಡ ಬ್ಯಾಂಕುಗಳು ಅದನ್ನು ಮುಟ್ಟುವುದಿಲ್ಲ. ಉಲ್ಲಾಳದ ಕಡೆಗೋ ಕೆಂಗೇರಿಯ ಆಚೆಗೋ ಇಂಥ ಮನೆ ಇದ್ದವರು ಹಳೆಯ ಸಂಸ್ಥೆಯ ಜೊತೆಗೇ ಗುದ್ದಾಡಬೇಕು, ಇಲ್ಲವೇ ಮಾರಬೇಕು.

ಮುದ್ರಾಂಕ ಶುಲ್ಕವೂ ಇದೇ ಕಾಲವನ್ನು ಬೇಡುತ್ತದೆ. ಗಂಡ ಹೆಂಡತಿಯಾಗಿರುವಾಗ ಒಬ್ಬರು ಇನ್ನೊಬ್ಬರಿಗೆ ಹಕ್ಕು ಖುಲಾಸೆ ಮಾಡಿಕೊಟ್ಟರೆ ಕರ್ನಾಟಕದಲ್ಲಿ ಕುಟುಂಬದೊಳಗಿನ ವ್ಯವಹಾರವೆಂದು ನಿಗದಿತ ಸಣ್ಣ ಮೊತ್ತದ ಶುಲ್ಕ. ಡಿಕ್ರಿ ಆದ ಮರುದಿನ ಅವರು ಕುಟುಂಬವಲ್ಲ. ಆಗ ಅದೇ ಪತ್ರಕ್ಕೆ ಆಸ್ತಿಯ ಬೆಲೆಯ ಮೇಲೆ ಶುಲ್ಕ ಕೇಳುವ ಪ್ರಸಂಗ ಬರುತ್ತದೆ. ₹45 ಲಕ್ಷ ದಾಟಿದ ಕ್ರಯಕ್ಕೆ ಮುದ್ರಾಂಕ ಶುಲ್ಕವೇ ಶೇ 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. 2025ರಲ್ಲಿ ಮುಂಬೈನ ಜಂಟಿ ಫ್ಲ್ಯಾಟೊಂದರ ಪ್ರಕರಣದಲ್ಲಿ, ಫ್ಲ್ಯಾಟು ರಾಜಿಯ ವಿಷಯವೇ ಆಗಿದ್ದರಿಂದ ಹೆಂಡತಿಯ ಹೆಸರಿಗೆ ನೋಂದಾಯಿಸಲು ಮುದ್ರಾಂಕ ಶುಲ್ಕ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ಹಿಡಿದು ವಾದ ಮಾಡುವುದಕ್ಕಿಂತ ಮೊದಲೇ ಮುಗಿಸಿಕೊಳ್ಳುವುದು ಸಲೀಸು.

ಆದಾಯ ತೆರಿಗೆಯವರಿಗೂ ಬೇರೆಯಾಗುವವರ ಗುರುತಿತ್ತು ಎಂಬುದು ನನಗೆ ಮೋಜೆನಿಸಿದ ಸಂಗತಿ. ಮನೆಯನ್ನು ಸುಮ್ಮನೆ ಹೆಂಡತಿಯ ಹೆಸರಿಗೆ ಬರೆದುಕೊಟ್ಟರೆ 1961ರ ಕಾಯ್ದೆಯ 27ನೇ ಕಲಂ ಆ ಮನೆ ಇನ್ನೂ ಗಂಡನದೇ ಎಂದು ಲೆಕ್ಕ ಹಾಕಿ ತೆರಿಗೆ ಕೇಳುತ್ತಿತ್ತು. ‘ಬೇರೆ ಬಾಳುವ ಒಪ್ಪಂದ’ಕ್ಕೆ ಸಂಬಂಧಿಸಿದ ವರ್ಗಾವಣೆಗೆ ಮಾತ್ರ ಅಲ್ಲೇ ವಿನಾಯಿತಿ ಬರೆದಿತ್ತು. ಅದಕ್ಕೇ ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾಮೂಲು ಸಾಲು ಹಾಕಿಸುವ ಬದಲು ಯಾವ ರಾಜಿಯ ಭಾಗವಾಗಿ ಎಂದು ಸ್ಪಷ್ಟವಾಗಿ ಬರೆಸುವುದು ಮೇಲು. ಪ್ರೀತಿ ವಿಶ್ವಾಸದ ಮಾತು ಆ ಹೊತ್ತಿಗೆ ಯಾರಿಗೂ ನಂಬಿಕೆ ಹುಟ್ಟಿಸುವುದೂ ಇಲ್ಲ.

ಒಂದು ತೊಡಕು ಉಳಿಯುತ್ತದೆ. ಡಿಕ್ರಿಗೆ ಮುಂಚೆಯೇ ಹಕ್ಕು ಬಿಟ್ಟುಕೊಟ್ಟರೆ, ಎದುರಿನವರು ಕೊನೆಗಳಿಗೆಯಲ್ಲಿ ಸಮ್ಮತಿ ಹಿಂತೆಗೆದುಕೊಂಡರೆ ಏನು ಗತಿ? ಡಿಕ್ರಿ ಆಗುವವರೆಗೂ ಇಬ್ಬರ ಸಮ್ಮತಿಯೂ ಉಳಿದಿರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ, ಆದ್ದರಿಂದ ಭಯ ಸುಳ್ಳಲ್ಲ. ಅನುಭವಸ್ಥ ವಕೀಲರು ಎರಡನೆಯ ಮೋಷನ್ನಿನ ಆಸುಪಾಸಿಗೇ ನೋಂದಣಿ, ಸಾಲ ವರ್ಗಾವಣೆ ಇಟ್ಟುಕೊಳ್ಳುತ್ತಾರೆ. ಡಿಡಿಯನ್ನು ನ್ಯಾಯಾಲಯದಲ್ಲೇ ಕೈಬದಲಾಯಿಸುತ್ತಾರೆ. ರಾಜಿ ಪತ್ರದಲ್ಲಿ ‘ಸಾಲವನ್ನು ಎರಡನೆಯ ಪಕ್ಷದವರು ತೀರಿಸತಕ್ಕದ್ದು’ ಎಂದು ಒಂದೇ ಸಾಲು ಗೀಚಿ ಮುಗಿಸುವವರೂ ಇದ್ದಾರೆ. ಯಾವ ಬ್ಯಾಂಕು, ಯಾವ ಖಾತೆ, ಯಾವ ತಾರೀಖಿನೊಳಗೆ, ತಪ್ಪಿದರೆ ಮನೆ ಮಾರಿ ಬಾಕಿ ಕಟ್ಟಲು ಇಬ್ಬರೂ ಬದ್ಧರೇ ಎಂಬುದಿಲ್ಲದ ಸಾಲು ಅದು.

ಕೋಲ್ಕತ್ತದ ಒಂದು ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು ಇದನ್ನು ಹೇಗೆ ಬರೆಯಬೇಕೆಂದು ತೋರಿಸಿತ್ತು. ಹೆಂಡತಿ, ಮಗ ಇರುವ ಫ್ಲ್ಯಾಟಿನ ಅಡಮಾನವನ್ನು ಗಂಡನೇ ಬಿಡಿಸಿ, 2020ರ ಜನವರಿ 31ರೊಳಗೆ ಅದನ್ನು ಹೆಂಡತಿಯ ಹೆಸರಿಗೆ ಮಾಡಿಕೊಡಬೇಕು ಎಂದಿತ್ತು ಆ ಆದೇಶ. ಜೀವನಾಂಶದ ಮೊತ್ತದ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಮೇ 29ರಂದು ನ್ಯಾ. ವಿಕ್ರಮ್ ನಾಥ್ ಮತ್ತು ನ್ಯಾ. ಸಂದೀಪ್ ಮೆಹ್ತಾ ಅವರ ಪೀಠ ಅದನ್ನು ತಿಂಗಳಿಗೆ ₹50,000ಕ್ಕೆ ಏರಿಸಿತು, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳದೊಂದಿಗೆ. ಅಡಮಾನ ಬಿಡಿಸುವುದು, ಹೆಸರು ಬದಲಿಸುವುದು, ಗಡುವಿನ ತಾರೀಖು ಮೂರೂ ಹೈಕೋರ್ಟಿನ ಆದೇಶದಲ್ಲಿ ಒಟ್ಟಿಗಿದ್ದವು ಎಂಬುದು ನಮಗಿಲ್ಲಿ ಮುಖ್ಯ.

ಕಂತು ಕಟ್ಟುತ್ತಿದ್ದೇನೆ, ಹಾಗಾಗಿ ಜೀವನಾಂಶ ಕಡಿಮೆ ಮಾಡಿ ಎಂಬ ಬೇಡಿಕೆ ನಮ್ಮ ನ್ಯಾಯಾಲಯಗಳಲ್ಲಿ ಸುಲಭವಾಗಿ ಗಿಟ್ಟುವುದಿಲ್ಲ. 2024ರಲ್ಲಿ ಕರ್ನಾಟಕ ಹೈಕೋರ್ಟು, ಜೀವನಾಂಶ ನಿಗದಿಗೆ ಸಂಬಳದಿಂದ ಕಳೆಯಬಹುದಾದದ್ದು ಆದಾಯ ತೆರಿಗೆ, ವೃತ್ತಿ ತೆರಿಗೆಯಂಥ ಕಡ್ಡಾಯ ಕಡಿತ ಮಾತ್ರ, ಪಿಎಫ್, ಮನೆ ಬಾಡಿಗೆ, ಪೀಠೋಪಕರಣದ ಕಂತು ಅಲ್ಲ ಎಂದಿತು. 2020ರ ನವೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ಆಸ್ತಿ, ಸಾಲ ಎರಡರ ಪ್ರಮಾಣಪತ್ರ ಸಲ್ಲಿಸಲೇಬೇಕು. ಕಂತಿನ ದಾಖಲೆ ಅಲ್ಲಿ ಕೆಲಸಕ್ಕೆ ಬರುತ್ತದೆ, ನೆಪವಾಗಿ ಅಲ್ಲ.

ಮಾರುವುದು, ಇಲ್ಲವೇ ಬಾಡಿಗೆಗೆ ಕೊಡುವುದು

ಮಾರುವುದು ಎಲ್ಲಕ್ಕಿಂತ ಸ್ವಚ್ಛ. ಕೊಳ್ಳುವವರ ಬ್ಯಾಂಕು ಬಾಕಿಯನ್ನು ನೇರ ನಿಮ್ಮ ಬ್ಯಾಂಕಿಗೆ ಕಟ್ಟುತ್ತದೆ, ಮಿಕ್ಕದ್ದು ಇಬ್ಬರ ಖಾತೆಗೆ ಪಾಲಾಗಿ ಬರುತ್ತದೆ. ಇಬ್ಬರೂ ಸಹಿ ಹಾಕಬೇಕು, ಅಷ್ಟೇ. ಒಬ್ಬರು ಹಟ ಹಿಡಿದರೆ ಇನ್ನೊಬ್ಬರಿಗೆ ಪಾರ್ಟಿಷನ್ ದಾವೆ. ಭಾಗ ಮಾಡಲಾಗದ ಫ್ಲ್ಯಾಟನ್ನು ಮಾರಿಸಿ ಹಣ ಹಂಚಲು, ಇಲ್ಲವೇ ಒಬ್ಬರು ಇನ್ನೊಬ್ಬರ ಪಾಲು ಕೊಳ್ಳಲು 1893ರ ಪಾರ್ಟಿಷನ್ ಕಾಯ್ದೆ ಅವಕಾಶ ಕೊಡುತ್ತದೆ. ವರ್ಷಗಳು ಹಿಡಿಯುತ್ತವೆ. ಅಷ್ಟೂ ಕಾಲ ಐದನೇ ತಾರೀಖು ಬರುತ್ತಲೇ ಇರುತ್ತದೆ.

ಬಾಡಿಗೆಗೆ ಕೊಟ್ಟು ಕಂತಿಗೆ ಜಮಾ ಮಾಡುವುದನ್ನು ಹಲವರು ಹೇಳುತ್ತಾರೆ. ನಮ್ಮ ಲೆಕ್ಕದ ಫ್ಲ್ಯಾಟಿಗೆ ಇಪ್ಪತ್ತೈದು ಸಾವಿರ ಬಾಡಿಗೆ ಬಂದರೂ ಕಂತಿನ ಅರ್ಧಕ್ಕೆ ಸಾಲದು. ಬೇರೆಯಾದ ಇಬ್ಬರು ಪ್ರತಿ ತಿಂಗಳು ಸೇರಿ ಇನ್ನು ಇಪ್ಪತ್ತೇಳು ಸಾವಿರ ಹಾಕಬೇಕು, ಗೀಸರ್ ಕೆಟ್ಟಾಗ ಮಾತಾಡಿಕೊಳ್ಳಬೇಕು.

ಎಲ್ಲ ಇತ್ಯರ್ಥವಾಗುವ ನಡುವಿನ ಕಾಲದಲ್ಲಿ ಮನೆ ಬಿಟ್ಟು ಹೋದವರು ಮೊದಲು ಮಾಡಬೇಕಾದ್ದು, ಬ್ಯಾಂಕಿಗೆ ತಮ್ಮ ಹೊಸ ವಿಳಾಸ, ಮೊಬೈಲ್ ನಂಬರ್ ಬರೆದು ಕೊಟ್ಟು ಸ್ವೀಕೃತಿ ಪಡೆಯುವುದು. ನೋಟಿಸೆಲ್ಲ ಆ ಮನೆಯ ವಿಳಾಸಕ್ಕೇ ಹೋಗುತ್ತವೆ, ತೆಗೆದುಕೊಂಡವರು ಹೇಳುವುದಿಲ್ಲ. ಕಂತು 90 ದಿನ ಬಾಕಿಯಾದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್, ಅದೂ ಮುಗಿದರೆ ಸ್ವಾಧೀನ, ಹರಾಜು. ಗೌರಿಬಿದನೂರಿನ ಅಮ್ಮನ ಮನೆಯಲ್ಲಿ ಕೂತವರಿಗೆ ತಮ್ಮ ಮನೆ ಹರಾಜಿಗಿರುವ ಸುದ್ದಿ ಪತ್ರಿಕೆಯ ಜಾಹೀರಾತಿನಲ್ಲಿ ಗೊತ್ತಾಗುವ ಸಂಭವ ಇಲ್ಲದಿಲ್ಲ. ಮನೆಯಲ್ಲಿ ಉಳಿದ ಹೆಂಡತಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವಾಸದ ಹಕ್ಕು ಇದೆ, ಗಂಡ ಹೊರಹಾಕುವಂತಿಲ್ಲ. ಆ ಹಕ್ಕು ಗಂಡನ ವಿರುದ್ಧ; ಬ್ಯಾಂಕಿನ ಅಡಮಾನ ಅದರಿಂದ ಅಳಿಯುವುದಿಲ್ಲ.

ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇದ್ದವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು. ಬಡ್ಡಿ ಉಳಿಸಲು ಬೋನಸ್ಸು, ಎಲ್‌ಐಸಿ ಹಣವನ್ನೆಲ್ಲ ಅದರಲ್ಲಿ ಇಟ್ಟಿರುತ್ತಾರೆ. ಖಾತೆ ‘ಈದರ್ ಆರ್ ಸರ್ವೈವರ್’ ಎಂದಿದ್ದರೆ ಇಬ್ಬರಲ್ಲಿ ಒಬ್ಬರು ಒಂದೇ ರಾತ್ರಿಯಲ್ಲಿ ಅಷ್ಟನ್ನೂ ಮೊಬೈಲಿನಿಂದ ತೆಗೆದುಬಿಡಬಹುದು, ಸಾಲದ ಹೊಣೆ ಮತ್ತೆ ಇಬ್ಬರದೂ. ಇಬ್ಬರ ಸಹಿಯಿಲ್ಲದೆ ಹಣ ತೆಗೆಯದಂತೆ ಬರೆದುಕೊಡುವುದು ಮೊದಲ ವಾರದ ಕೆಲಸ.

ಸಾವಿನ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತಬೇಕು. ವಿಚ್ಛೇದನವಾಗಿ ಕ್ರಯಪತ್ರ ಮಾತ್ರ ಜಂಟಿಯಾಗೇ ಉಳಿದಿರುವಾಗ ಗಂಡ ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವನ ಪಾಲು ಮಕ್ಕಳಿಗೂ ಅವನ ತಾಯಿಗೂ ಹೋಗುತ್ತದೆ. ಮಾಜಿ ಅತ್ತೆ ಈಗ ಸಹ ಮಾಲೀಕರು. ಸಾಲದ ಮೇಲಿನ ವಿಮೆ ಎಷ್ಟೋ ಸಲ ಮೊದಲ ಅರ್ಜಿದಾರರೊಬ್ಬರಿಗೇ ಇರುತ್ತದೆ, ಅದರ ನಾಮಿನಿ ಹೆಸರು ಯಾವಾಗಿನದೋ.

ಕೊನೆಗೆ ಸಾಲ ತೀರಿತು ಎನ್ನಿ. ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಜಂಟಿ ಸಾಲದ ದಾಖಲೆ ಪಡೆಯಲು ಇಬ್ಬರೂ ಬಂದು ಸಹಿ ಹಾಕಿ ಎನ್ನುವುದು ಬ್ಯಾಂಕಿನ ಕ್ರಮ. ಆ ಹೊತ್ತಿಗೆ ಒಬ್ಬರು ದುಬೈನಲ್ಲಿರಬಹುದು, ಮರುಮದುವೆಯಾಗಿರಬಹುದು, ಫೋನೇ ತೆಗೆಯದಿರಬಹುದು. ಮನೆ ಯಾರಿಗೆ ಉಳಿಯುತ್ತದೋ ಅವರೊಬ್ಬರೇ ದಾಖಲೆ ಪಡೆಯಲು ಇನ್ನೊಬ್ಬರ ಅಧಿಕಾರ ಪತ್ರವನ್ನು ರಾಜಿಯ ದಿನವೇ ಬರೆಸಿ, ಒಂದು ಪ್ರತಿಯನ್ನು ಬ್ಯಾಂಕಿಗೆ ಕೊಟ್ಟಿಟ್ಟರೆ ಆಯಿತು. ದಾಖಲೆ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ, ಹೊಸ ಇಸಿ ತೆಗೆಸಿ ನೋಡಬೇಕು. ಇ-ಖಾತಾ ಮತ್ತು ಬೆಸ್ಕಾಂ ಬಿಲ್ಲಿನಲ್ಲಿ ಹಳೆಯ ಹೆಸರು ತಾನಾಗಿ ಹೋಗುವುದಿಲ್ಲ. ಅವಕ್ಕೆ ಬೇರೆ ಬೇರೆ ಅರ್ಜಿ.